ಮೂರನೆಯ ಗುಂಡಿ

ಬೆನ್ನಿಗೆ ತಣ್ಣಗೆ ತಾಗುತ್ತಿರುವುದೇನು, ಚಾರಣದ ಸಾಮಾನಿನ ಅಂಗಡಿಯ ಎ.ಸಿ. ಗಾಳಿಯೇ, ಎರಡು ಕಂಬಗಳ ನಡುವೆ ಕಟ್ಟಿದ ಈ ಜೋಲಿಯಲ್ಲಿ ಮಲಗಿ ಎರಡು ನಿಮಿಷವೂ ಆಗಿಲ್ಲ, ಆಗಲೇ ಸೊಂಟದ ಹತ್ತಿರ ತಟ್ಟೆಯಗಲ ಚಳಿ — ಮಲಗಿ ನೋಡಿ ಮೇಡಂ, ಮಲಗದೆ ಗೊತ್ತಾಗಲ್ಲ ಅಂದಳು ಅಂಗಡಿಯಾಕೆ, ನಲವತ್ತೆಂಟರ ದರ್ಜಿ ಹೆಂಗಸು ಹತ್ತು ಜನರೆದುರು ಕೂಸಿನ ಹಾಗೆ ಜೋಲಿಯಲ್ಲಿ, ನಗಲಿ ಬಿಡು, ನಾಳೆ ಬೆಳಿಗ್ಗೆ ತಮ್ಮ ಹೊರಡುತ್ತಾನೆ, ಹತ್ತು ದಿನ, ಹಿಮ ಬೀಳುವ ಬೆಟ್ಟ, ಆ ಇಳಿಜಾರಿನಲ್ಲಿ ಡೇರೆ ನಿಲ್ಲುವುದಿಲ್ಲ, ಮರಕ್ಕೆ ಜೋಲಿ ಕಟ್ಟಿಕೊಂಡೇ ಮಲಗಬೇಕು. ಅವನು ಕಾಡಿನ ಮರಗಳ ಸುತ್ತಳತೆ ತೆಗೆಯುತ್ತಾನೆ, ಅವಳು ಊರವರ ಸೊಂಟದ್ದು, ಇಬ್ಬರಿಗೂ ಹುಟ್ಟುವಾಗಲೇ ಟೇಪು ಕೊಟ್ಟು ಕಳಿಸಿದ್ದಾನೆ ದೇವರು ಎಂದು ಅಮ್ಮ ನಗುತ್ತಿದ್ದಳು. ಮೇಲೆ ಹೊದೆಯುವ ರಜಾಯಿ ಆರಿಸಿ ಆಗಿದೆ, ಕುತ್ತಿಗೆ ಮುಚ್ಚುವಷ್ಟು ಉದ್ದ, ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುವ ನಾರಿನದು. ಜೋಲಿಯ ಅಡಿಗೆ ಕಟ್ಟುವ ರಜಾಯಿ ಬೇಡ, ಅದನ್ನು ಕಳೆದ ವರ್ಷ ನಾನೇ ಪುಕ್ಕ ತುಂಬಿ ಹೊಲಿದುಕೊಟ್ಟಿದ್ದೇನೆ ಎಂದಿದ್ದಳು ಅಂಗಡಿಯಾಕೆಗೆ, ಎಷ್ಟು ಜಂಭ ದನಿಯಲ್ಲಿ, ಎಲ್ಲೂ ಒಂದು ಸುಕ್ಕಿಲ್ಲ, ಅಳತೆ ಕೊಟ್ಟು ಹೊಲಿಸಿದ ಕೋಟಿನ ಹಾಗೆ ಜೋಲಿಗೆ ಬಿಗಿಯಾಗಿ ಕೂರುತ್ತದೆ — ಬಿಗೀನಾ, ಅಯ್ಯೋ, ಬಿಗಿ ಮಾಡಬಾರ್ದು ಮೇಡಂ, ಒತ್ತಿದ್ರೆ ಪುಕ್ಕ ಉಬ್ಬಲ್ಲ, ಉಬ್ಬದಿದ್ರೆ ಬಿಸಿ ನಿಲ್ಲಲ್ಲ, ಬರೀ ಬಟ್ಟೆ ಕಟ್ಕೊಂಡ ಹಾಗೇನೇ, ಮಲಗಿ, ತೋರಿಸ್ತೀನಿ. ಅಂಗಡಿಯದೇ ಒಂದು ರಜಾಯಿ ಜೋಲಿಯ ಅಡಿಗೆ ಕಟ್ಟಿ ದಾರ ಎಳೆದು ಬಿಗಿದಿದ್ದೇ ತಡ, ಈ ಚಳಿ. ಮೂರನೆಯ ಗುಂಡಿ — ಬೇಡ, ಅದು ಈಗ ಬೇಡ.

ಮೂವತ್ತು ವರ್ಷ ಸಡಿಲು ಕಂಡರಾಗದ ಕೈ ಇದು, ಒಂದು ನೂಲು ಜೋತರೂ ಬಿಚ್ಚಿ ಮತ್ತೆ ಹೊಲಿಯುವ ಕೈ, ಇದೇ ಕೈ ಅವನನ್ನು ಚಳಿಗೆ ಕೊಟ್ಟಿತೇ, ಕಳೆದ ಸಲ ಬೆಟ್ಟದ ಬುಡಕ್ಕೆ ಕರೆತರಲು ಹೋದಾಗ ಬೆಚ್ಚಗಿತ್ತು ಕಣೇ ಅಕ್ಕ, ಗೊರಕೆ ಹೊಡ್ಕೊಂಡು ಮಲಗಿದ್ದೆ ಅಂದ, ಒದ್ದೆ ಅಂಗಿ ಬದಲಿಸಲು ಹೋಗಿ ಮೂರನೆಯ ಗುಂಡಿಯಲ್ಲಿ ನಿಂತುಬಿಟ್ಟ, ಬೆರಳು ಮಡಚಲೊಲ್ಲದು — ಎಷ್ಟು ವಯಸ್ಸೋ ನಿಂಗೆ, ಗುಂಡಿ ಬಿಚ್ಚೋಕೂ ಅಕ್ಕ ಬೇಕಾ — ನಕ್ಕಳಲ್ಲ, ನಕ್ಕು ತಾನೇ ಬಿಚ್ಚಿದಳಲ್ಲ, ಆಮೇಲೆ ಹದಿನೈದು ದಿನ ಆಸ್ಪತ್ರೆ, ಎದೆ ತುಂಬ ಕಫ, ಆಗಲೂ ಬಾಯಿ ಬಿಡಲಿಲ್ಲ ಪಾಪಿ. ಅಂಗಡಿಯಾಕೆ ದಾರ ಸಡಿಲಿಸುತ್ತಾಳೆ, ಬೆನ್ನಡಿಯಲ್ಲಿ ಮೆಲ್ಲಗೆ ಉಬ್ಬುತ್ತದೆ, ಬೆಚ್ಚಗೆ, ನಾಚಿಕೆಯಾಗುವಷ್ಟು ಬೆಚ್ಚಗೆ. ಇದನ್ನೂ ಕೊಡಿ. ಮಲಗಿದಲ್ಲೇ ತಮ್ಮನಿಗೆ ಫೋನು, ಕೆಳಗಿಂದು ಯಾಕಕ್ಕ, ನೀನು ಹೊಲಿದಿದ್ದು ಆಗ್ಲೇ ಚೀಲಕ್ಕೆ ಹಾಕಾಯ್ತು, ಬೇರೆ ತಂದ್ರೆ ನಾನು ಒಯ್ಯಲ್ಲ ನೋಡು. ತೆಗಿ ಅದನ್ನ, ಬೆನ್ನು ತಣ್ಣಗಾಗ್ತಿತ್ತಾ, ನಿಜ ಹೇಳು. ಸ್ವಲ್ಪ. ಎಷ್ಟು ದಿನ. ಎಲ್ಲಾ ದಿನಾನೂ, ಹೋಗ್ಲಿ ಬಿಡೇ, ಅಷ್ಟು ಆಸೆಯಿಂದ ಹೊಲಿದಿದ್ದೆ ನೀನು. ಏಳಬೇಕು, ಮನೆಗೆ ಹೋಗಿ ಚೀಲದಿಂದ ಅದನ್ನು ಕಿತ್ತು ತೆಗೆಯಬೇಕು, ಏಳಿ ಮೇಡಂ ಎಂದು ಅಂಗಡಿಯಾಕೆ ಕೈ ಚಾಚಿದ್ದಾಳೆ, ಬೆನ್ನು ಬೆಚ್ಚಗಿದೆ, ಏಳಬೇಕು, ಮೂರನೆಯ ಗುಂಡಿ, ಅದರ ಮೇಲೆ ಜಾರಿ ಜಾರಿ ಬೀಳುವ ನೀಲಿ ಬೆರಳು, ಅವಳ ನಗು, ಮೂರನೆಯ ಗುಂಡಿ