ಎದೆಯ ಮೇಲಿನ ಕೈ

ಮಕ್ಕಳ ಶ್ವಾಸಕೋಶ ಮತ್ತು ನಿದ್ರೆಯ ವಿಭಾಗಕ್ಕೆ ಆ ವರ್ಷ ತರಬೇತಿಗೆ ಸೇರಿದವರು ನಾವಿಬ್ಬರೇ. ಅವನನ್ನು ಎಲ್ಲರೂ ಪಂಡಿತ ಎಂದೇ ಕರೆಯುತ್ತಿದ್ದರು. ಓದಿದ್ದನ್ನೆಲ್ಲ ಚಹಾ ಕುಡಿಯುವಾಗಲೂ ನಮ್ಮ ಕಿವಿಗೆ ತುರುಕುವ ಚಟ ಅವನಿಗೆ. ತಲೆ ತಿನ್ನುತ್ತಿದ್ದ, ನಿಜ. ಆದರೆ ಅವನಷ್ಟು ಮೈಮುರಿದು ದುಡಿಯುವವರನ್ನು ನಾನು ಕಂಡಿಲ್ಲ.

ಪರೀಕ್ಷೆಗೆ ಬಂದ ಮಗು ಮಲಗಿದಾಗ ಅದರ ಎದೆಗೂ ಹೊಟ್ಟೆಗೂ ಪಟ್ಟಿ ಕಟ್ಟುತ್ತೇವೆ, ಮೂಗಿಗೆ ಸಣ್ಣ ನಳಿಕೆ ಇಡುತ್ತೇವೆ; ಉಸಿರು, ಎದೆ, ಹೊಟ್ಟೆಯ ಚಲನೆ ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತದೆ. ಉಸಿರು ನಿಂತರೂ ಎದೆ ಏರಿಳಿಯುತ್ತಿದ್ದರೆ ಗಂಟಲಲ್ಲಿ ಅಡ್ಡಿಯಿದೆ ಎಂದರ್ಥ. ಎದೆಯೂ ಸುಮ್ಮನಾದರೆ, ಉಸಿರಾಡು ಎಂದು ಮಿದುಳೇ ಹೇಳುತ್ತಿಲ್ಲ. ಬರೀ ಪರದೆಯ ಗೆರೆಗಳಿಂದ ಇದನ್ನು ಹೇಳಬಹುದೇ ಎಂಬುದು ಪಂಡಿತನ ಸಂಶೋಧನೆ. ಹಾಗಾಗಿ ಮಗು ಮಲಗಿದ ಕೋಣೆಯ ವಿಡಿಯೊ ನೋಡಬಾರದೆಂದು ವಿಭಾಗದ ಮುಖ್ಯಸ್ಥೆ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಸಂಶೋಧನೆಗೆಂದು ಮಾಡಿದ ಆ ನಿಯಮ ಯಾವಾಗ ನಮ್ಮ ದಿನದ ರೂಢಿಯಾಯಿತೋ ಯಾರಿಗೂ ಗೊತ್ತಾಗಲಿಲ್ಲ.

ಗುಬ್ಬಿ ಎಂಬ ಪುಟ್ಟ ಹುಡುಗಿ ಬಂದದ್ದು ಆಗಲೇ. ಮಾತಿನ ಮಲ್ಲಿ, ನರ್ಸ್‌ಗಳಿಗೇ ಬುದ್ಧಿ ಹೇಳುತ್ತಿದ್ದಳು. ನಿದ್ದೆಯಲ್ಲಿ ಮಗಳ ಉಸಿರು ನಿಲ್ಲುತ್ತದೆಂದು ತಾಯಿ ಕರೆತಂದಿದ್ದರು. ಉಸಿರು ನಿಂತಾಗಲೆಲ್ಲ ಎದೆಯ ಗೆರೆ ಆಡುತ್ತಿತ್ತು. ಪಂಡಿತ ಗಂಟಲಿನ ಅಡ್ಡಿ ಎಂದ, ಮೇಡಂ ಒಪ್ಪಿದರು, ಟಾನ್ಸಿಲ್ ತೆಗೆದರು. ಆ ಮೇಲೆ ಮಗು ಒಂದು ಗುಟುಕು ನೀರಿಗೂ ಅಳುತ್ತಿತ್ತು. ಉಸಿರು ಮಾತ್ರ ಮೊದಲಿನಂತೆಯೇ ನಿಲ್ಲುತ್ತಿತ್ತು.

ದಿಕ್ಕು ತೋಚದೆ ಪಂಡಿತ ಆ ಮೊದಲ ಪರೀಕ್ಷೆಯ ವಿಡಿಯೊ ತೆರೆದ. ನಾನು ಪಕ್ಕದಲ್ಲೇ ಇದ್ದೆ. ಮಂಚದ ಬದಿಯಲ್ಲಿ ಕೂತ ತಾಯಿ, ಮಗಳ ಉಸಿರು ನಿಂತ ಕೂಡಲೇ ಅವಳ ಎದೆಯ ಮೇಲೆ ಅಂಗೈ ಇಟ್ಟು, ಉಸಿರು ಮರಳುವ ತನಕ ಮೆಲ್ಲಗೆ ಅಲುಗಿಸುತ್ತಿದ್ದರು. ನಾವು ಮಗುವಿನ ಪ್ರಯಾಸವೆಂದು ಓದಿದ್ದು ಆ ಕೈಯನ್ನು. ಪಂಡಿತ ವಿಡಿಯೊವನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದ. ನನಗೆ ಅವನ ಮೇಲೂ ಮೇಡಂ ಮೇಲೂ ಸಿಟ್ಟು ನೆತ್ತಿಗೇರಿತು. ಬೆರಳಿನಿಂದ ಒಂದು ಗುಂಡಿ ಒತ್ತಿದ್ದರೆ ಸಾಕಿತ್ತಲ್ಲ.

ಮತ್ತೆ ಪರೀಕ್ಷೆ ಮಾಡಿದೆವು. ಈ ಸಲ ಮಗುವನ್ನು ಮುಟ್ಟಬೇಡಿ ಎಂದು ತಾಯಿಗೆ ಹೇಳಿದ್ದೆವು. ಉಸಿರು ನಿಂತಾಗ ಎದೆಯ ಗೆರೆಯೂ ಚಪ್ಪಟೆಯಾಯಿತು. ಗುಬ್ಬಿಗೆ ಬೇಕಿದ್ದದ್ದು ಶಸ್ತ್ರಚಿಕಿತ್ಸೆಯಲ್ಲ, ಉಸಿರು ನಿಂತಾಗ ತಾನಾಗಿ ಗಾಳಿ ಒತ್ತುವ ಯಂತ್ರ.

ತಾಯಿಗೆ ತಾನೇ ಹೇಳುತ್ತೇನೆಂದು ಪಂಡಿತ ಹಟ ಹಿಡಿದ. ಒಂದನ್ನೂ ಮುಚ್ಚಿಡದೆ ಹೇಳಿ, ಕ್ಷಮೆ ಕೇಳಿದ. ಅವರು ಬೈಯಬಹುದೆಂದು ನಾನು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

"ಹಾಗಾದ್ರೆ ನಾನು ಮುಟ್ಟದೇ ಇದ್ದಿದ್ರೆ ಅವಳ ಗಂಟಲಿಗೆ ಕತ್ತರಿ ಬೀಳ್ತಿರ್ಲಿಲ್ಲ," ಎಂದರು.

"ಇಲ್ಲಮ್ಮ, ನೀವು ಮಾಡಿದ್ದೇ ಸರಿ. ತಪ್ಪು ನಮ್ದು, ನಾವು ನೋಡ್ಲಿಲ್ಲ," ಎಂದ ಪಂಡಿತ. ಅದನ್ನೇ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಹೇಳಿದ. ಅವರು ತಲೆಯಾಡಿಸಿದರು, ಆದರೆ ಅವರ ಮನಸ್ಸಿಗೆ ಅದು ಇಳಿಯಲೇ ಇಲ್ಲ.

ಮನೆಗೆ ಹೊರಡುವ ದಿನ ಯಂತ್ರ ಹಾಕುವುದನ್ನು ಕಲಿಸಿದೆವು. ಅದರ ಮುಖವಾಡ ಕಟ್ಟಿದ್ದೇ ಗುಬ್ಬಿ ಬೆದರಿ ಅತ್ತಳು, ಅಮ್ಮನತ್ತ ಎರಡೂ ಕೈ ಚಾಚಿದಳು. ತಾಯಿ ಏಳಲಿಲ್ಲ. ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಪಂಡಿತನ ಮುಖ ನೋಡಿದರು.

"ಡಾಕ್ಟ್ರೇ, ಈಗ ಮುಟ್ಬಹುದಾ?"