ಅಲುಗುವ ಅಂಗೈ

ಕಮತಗಿಯ ಸಾವಿತ್ರೆವ್ವ ಲಿಂಗ ನೋಡದೆ ಬಾಯಿಗೆ ಹನಿ ನೀರು ಹಾಕಿದವಳಲ್ಲ. ಅವಳ ಅವ್ವ ಹಾಗೆ, ಅವ್ವನ ಅವ್ವನೂ ಹಾಗೆ. ಜಳಕ ಮಾಡಿ, ಹಣೆಗೆ ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತಳೆಂದರೆ ರೆಪ್ಪೆ ಸಹ ಅಲುಗುತ್ತಿರಲಿಲ್ಲ. ಹೊರಗೆ ಗಂಡ ರಾಚಪ್ಪನ ಹಿಟ್ಟಿನ ಗಿರಣಿ ಗುಡುಗಿದರೂ ಅವಳಿಗೆ ಕೇಳುತ್ತಿರಲಿಲ್ಲ. ಹಾಗೆ ನೋಡಿ ನೋಡಿ ಕಣ್ಣು ತಣ್ಣಗಾದ ಮೇಲೆಯೇ ರೊಟ್ಟಿಯ ಗಂಗಾಳಕ್ಕೆ ಕೈ.

ಅಂಥವಳು ಶೀಗಿ ಹುಣ್ಣಿಮೆ ಕಳೆದಾಗಿನಿಂದ ಕಣ್ಣು ಮುಚ್ಚಿಕೊಂಡು ಪೂಜೆಗೆ ಕೂಡುತ್ತಿದ್ದಳು. ಯಾರಿಗೂ ಕಾಣಬಾರದೆಂದು ಸೆರಗನ್ನು ಮುಖದ ಮೇಲೆ ಇಳಿಬಿಡುತ್ತಿದ್ದಳು. ಆಮೇಲೆ ಕದ್ದವಳ ಹಾಗೆ ಅರ್ಧ ರೊಟ್ಟಿ ತಿಂದು ಏಳುತ್ತಿದ್ದಳು.

ಆಗಿದ್ದು ಇಷ್ಟು. ಆ ಹುಣ್ಣಿಮೆಗೆ ತಂಗಿ ಸುನಂದಾಳನ್ನು ಕರೆದುಕೊಂಡು ಮಹಾಕೂಟಕ್ಕೆ ಹೋಗಿದ್ದಳು. ಹೊಂಡದಲ್ಲಿ ಮಿಂದು, ಶಿವನ ದರ್ಶನ ಮಾಡಿ ಹೊರಳಿ ಬರುವಾಗ ಗುಳೇದಗುಡ್ಡದ ಈಚೆ ಇಳಿಜಾರಿನಲ್ಲಿ ಅವರಿದ್ದ ಟಂಟಂ ಗಾಡಿ ಪಲ್ಟಿಯಾಯಿತು. ಅಂಬ್ಯುಲೆನ್ಸ್ ಬರುವತನಕ ಸುನಂದಾಳ ತಲೆ ಸಾವಿತ್ರೆವ್ವನ ಎಡಗೈಯಲ್ಲಿತ್ತು. ಬಂದಾಗ ಆ ತಲೆಯಲ್ಲಿ ಜೀವವಿರಲಿಲ್ಲ. ಇದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದೇ: ಅವತ್ತು ಅಂಗೈಯ ಕುಳಿಯಲ್ಲಿ ನಿಂತ ರಕ್ತ ಇವತ್ತಿಗೂ ಅಲ್ಲೇ ಇತ್ತು. ಲಿಂಗವನ್ನಿಟ್ಟು ಕಣ್ಣು ತೆರೆದರೆ ಸಾಕು, ಕೈ ಬೆಚ್ಚಗಾಗಿ ತುಂಬಿಕೊಳ್ಳುತ್ತಿತ್ತು, ಲಿಂಗ ಮುಳುಗುತ್ತಿತ್ತು. ಇದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಲಿಂಗಕ್ಕೆ ಮೈಲಿಗೆಯೋ, ತನ್ನ ತಲೆಗೆ ಏನೋ ಆಗಿದೆಯೋ, ಅವಳಿಗೇ ಬಗೆಹರಿಯಲಿಲ್ಲ.

ಗಾಡಿಯ ಹಾರನ್ ಕೇಳಿದರೆ ಬೆಚ್ಚಿ ಬೀಳುವ ಹೆಂಡತಿಯನ್ನು ರಾಚಪ್ಪ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದ. ಅಲ್ಲಿ ಮನಸ್ಸಿನ ಚಿಕಿತ್ಸೆ ಮಾಡುವ ನಿಖತ ಎಂಬ ಹುಡುಗಿ ಎರಡು ಬೆರಳನ್ನು ಅವಳ ಮುಖದೆದುರು ಎಡಕ್ಕೂ ಬಲಕ್ಕೂ ಆಡಿಸಿ, ತಲೆ ಅಲುಗಿಸದೆ ಕಣ್ಣಷ್ಟೇ ಹಿಂಬಾಲಿಸಲಿ ಅಂದಳು.

"ಕಣ್ಣ ಆಡಿಸಿದ್ರ ದುಃಖ ಹೋಗತೈತೇನ ಯವ್ವಾ?"

"ದುಃಖ ಹೋಗೂದಿಲ್ರಿ ಅಮ್ಮಾರ. ಅದು ಅವತ್ತ ಆಗಿ ಮುಗದೈತಿ ಅನ್ನೂದು ಮನಸ್ಸಿಗೆ ತಿಳೀತೈತಿ. ಆದ್ರ ಮನ್ಯಾಗ ಅದನ್ನ ಕೆದಕಬ್ಯಾಡ್ರಿ, ಅದೇನಿದ್ರೂ ನನ್ನ ಮುಂದ. ಮನ್ಯಾಗ ಬರೇ ಸಮಾಧಾನದ ಜಾಗಾ ಒಂದು ನೆನಸ್ಕೊಂಡು ಸಾವಕಾಶ ಕಣ್ಣ ಆಡಸ್ರಿ. ತಲಿ ತಿರುಗಿದ್ರ ಬಿಟ್ಟಬಿಡ್ರಿ."

ಬಸ್ಸಿನಲ್ಲಿ ಬರುವಾಗ ಸಾವಿತ್ರೆವ್ವನಿಗೆ ಒಂದೇ ಯೋಚನೆ. ಓಡುವ ಕಣ್ಣನ್ನು ಕಟ್ಟಿಹಾಕಲು ಒಂದು ಜನ್ಮ ಸಾಲದು ಎಂದು ಅವ್ವ ಹೇಳುತ್ತಿದ್ದಳು. ಈ ಹುಡುಗಿ ನೋಡಿದರೆ ಕಟ್ಟಿದ ಕಣ್ಣನ್ನು ಬಿಚ್ಚಿಬಿಡು ಅನ್ನುತ್ತಾಳೆ. ಯಾವುದು ಖರೆ?

ಮನೆಯಲ್ಲಿ ಬೆರಳಾಡಿಸುವ ಕೆಲಸ ರಾಚಪ್ಪನದಾಯಿತು. ಗಿರಣಿ ಬಂದ್ ಮಾಡಿ, ಹಿಟ್ಟು ಮೆತ್ತಿದ ಬೆರಳು ಹಿಡಿದು ಎದುರಿಗೆ ಕೂತ.

"ಸಾವಕಾಶರೀ. ನೊಣಾ ಹೊಡ್ಯಾಕತ್ತೀರೇನು?"

"ನೀ ಬೆರಳ ನೋಡು, ನನ್ನ ಮಾರಿ ನೋಡಬ್ಯಾಡ."

"ಬೆರಳ ಎಲ್ಲೈತಿ? ಬರೇ ಜ್ವಾಳದ ಹಿಟ್ಟ ಐತಿ."

"ಹಿಟ್ಟರೆ ನೋಡು! ದವಾಖಾನಿ ಬಾಯಾರು ನೋಡು ಅಂದಾರ, ಮಾತಾಡು ಅಂದಿಲ್ಲ."

ಇಬ್ಬರೂ ನಕ್ಕರು. ಬಹಳ ದಿನಕ್ಕೆ ಆ ಮನೆಯಲ್ಲಿ ನಗು ಕೇಳಿತು. ಆದರೆ ಸಮಾಧಾನದ ಜಾಗ ಎಲ್ಲಿಂದ ತರುವುದು? ಮಹಾಕೂಟದ ಹೊಂಡ ನೆನೆದಳು. ತಿಳಿನೀರು, ಆಲದ ನೆರಳು, ಎಲ್ಲ ಬಂತು. ಹಿಂದೆಯೇ ಒದ್ದೆ ಸೀರೆ ಹಿಂಡುತ್ತ ಸುನಂದಾ ಬಂದಳು, ಅವಳ ಹಿಂದೆ ಟಂಟಂ ಬಂತು. ತವರಿನ ಕಟ್ಟೆ ನೆನೆದರೆ ಅಲ್ಲೂ ಸುನಂದಾ. ತಂಗಿ ಇಲ್ಲದ ಒಂದು ಜಾಗವೂ ಅವಳ ಆಯುಷ್ಯದಲ್ಲಿ ಸಿಗಲಿಲ್ಲ. ಇದ್ದದ್ದೊಂದು ಈ ಅಂಗೈ, ಅದೂ ಕೆಟ್ಟಿತ್ತು.

ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಅವಳಿಗೇನನ್ನಿಸಿತೋ, ಕಣ್ಣು ತೆರೆದಳು. ಕೈ ಬೆಚ್ಚಗಾಗತೊಡಗಿತು. ಮುಚ್ಚಲಿಲ್ಲ. ಲಿಂಗವಿದ್ದ ಅಂಗೈಯನ್ನೇ ಮೆಲ್ಲಗೆ ಎಡಕ್ಕೆ ಒಯ್ದಳು, ಬಲಕ್ಕೆ ತಂದಳು. ಕಣ್ಣು ಹಿಂದೆ ಹೋಯಿತು, ಹಿಂದೆ ಬಂತು. ಕೆಂಪು ಏರಿತು, ಒಮ್ಮೆ ತುಳುಕಿತು. ಅದರ ನಡುವೆ, ಮೋಡ ಸರಿದಾಗ ಚುಕ್ಕಿ ಕಂಡಂತೆ, ಕಪ್ಪನೆಯ ಕಾಂತಿಯ ಲಿಂಗ ಕಂಡಿತು. ಖರೆ ಕಂಡಿತು.

"ಏನ ಮಾಡಾಕತ್ತಿ ಸಾವಿತ್ರಿ!"

ಬಾಗಿಲಲ್ಲಿ ರಾಚಪ್ಪ. "ಲಿಂಗಾ ತೂಗತಾರೇನ? ತೊಟ್ಟಲಾ ಮಾಡೀಯೇನ ಕೈನ? ಅದು ಅಲುಗಬಾರದಂತ ಹಿರ್ಯಾರು ಹೇಳಿಲ್ಲೇನ? ಮಠದ ಅಜ್ಜಾರಿಗೆ ಗೊತ್ತಾದ್ರ..."

"ಆಡಸಲಿಲ್ಲಂದ್ರ ಕಾಣವಲ್ಲದರಿ," ಅಂದಳು ಸಾವಿತ್ರೆವ್ವ. "ಸುನಂದಾನ ರಕ್ತ ಈ ಕೈಯಾಗ ನಿಂತೈತಿ. ಲಿಂಗಾ ಅದರಾಗ ಮುಳಗತೈತಿ. ಹುಣ್ಣಿವಿ ಆದಾಗಿಂದ ಇವತ್ತಿನತನಕಾ ನಾ ಲಿಂಗಾ ನೋಡೇ ಇಲ್ಲ."

ರಾಚಪ್ಪ ಹೊಸ್ತಿಲ ಮೇಲೆಯೇ ಕೂತ. "ನೋಡದ ಉಂಡೀಯೇನ?"

"ನೋಡದ ಉಂಡೇನಿ."

ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಅವಳ ಎಡಗೈಯನ್ನು ನೋಡಿದ. ಅಲ್ಲಿ ವಿಭೂತಿ ಮೆತ್ತಿದ ಲಿಂಗ, ಗೆರೆಗಳು, ಅಷ್ಟೇ ಇತ್ತು. ಅವಳಿಗೆ ಕಾಣುವುದು ತನಗೆ ಕಾಣದಲ್ಲ ಎಂದು ಅವನಿಗೆ ದಿಗಿಲಾಯಿತು.

ಲಿಂಗವನ್ನು ಕರಡಿಗೆಗೆ ಸೇರಿಸಿದ ಮೇಲೆ ಸಾವಿತ್ರೆವ್ವ ತಾನೇ ನಿಖತಳಿಗೆ ಫೋನು ಹಚ್ಚಿ ಎಲ್ಲ ಹೇಳಿದಳು.

"ಅಮ್ಮಾರ, ಇದನ್ನ ಒಬ್ಬಾಕಿನ ಹೊತಗೊಂಡು ಕುಂತಿದ್ರೇನ್ರಿ? ಸೋಮವಾರ ಬರ್ರಿ. ಆ ಕೈ ಸುದ್ದಿ ನಾವಿಬ್ಬರೂ ಕೂಡೇ ನೋಡೂಣು. ಅಲ್ಲೀತನಕಾ ಕೈ ಆಡಸಬ್ಯಾಡ್ರಿ. ಭಾರ ಅನ್ನಿಸ್ತು ಅಂದ್ರ ಕಣ್ಣ ಮುಚ್ಚಿಬಿಡ್ರಿ."

"ಅದು ಪೂಜಿ ಆತೋ, ಔಷಧ ಆತೋ, ಪಾಪ ಆತೋ ಯವ್ವಾ?"

"ಅದು ನನಗ ತಿಳಿಯೂದಿಲ್ರಿ. ಸುಳ್ಳ ಹೇಳಲಿ ಹೆಂಗ?"

ಯಾರಿಗೂ ತಿಳಿಯದ್ದನ್ನು ಯಾರನ್ನು ಕೇಳುವುದು? ಮರುದಿನ ಮಠಕ್ಕೂ ಹೋಗದೆ, ಗಿರಣಿಯನ್ನೂ ತೆರೆಯದೆ ರಾಚಪ್ಪ ಅವಳ ಎದುರಿಗೆ ಚಾಪೆ ಹಾಸಿ ಕೂತ. ಪಕ್ಕದಲ್ಲಿ ಬಿಸಿ ರೊಟ್ಟಿ, ಮೊಸರು ಮುಚ್ಚಿಟ್ಟಿದ್ದ. ಸಾವಿತ್ರೆವ್ವ ಸೆರಗನ್ನು ಹಿಂದಕ್ಕೆ ಸರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟಳು. ಕೈಯನ್ನು ಆಡಿಸಲಿಲ್ಲ, ಅದು ತಾನಾಗಿಯೇ ತುಸು ನಡುಗಿತು. ನಡುಗಿದತ್ತ ಕಣ್ಣೂ ಹೋಯಿತು. ಶಿವನೇ, ಇದು ನಿನ್ನ ಆಟವೋ ನನ್ನ ಕೈಯ ಸೋಲೋ ಎಂದುಕೊಳ್ಳುವಷ್ಟರಲ್ಲಿ ಲಿಂಗ ಕಂಡಿತು, ಕೂಡಲೇ ಕೆಂಪು ಬಂತು. ಕಣ್ಣು ಮುಚ್ಚಿಬಿಟ್ಟಳು.

"ಕಂಡಿತೇನ?"

"ಕಂಡಂಗಾತು. ರವಷ್ಟು."

ಹಿರಿಯರು ಇದಕ್ಕೇನು ಹೇಳಿದ್ದಾರೋ ರಾಚಪ್ಪನಿಗೆ ಗೊತ್ತಿರಲಿಲ್ಲ. ರೊಟ್ಟಿಯ ಚೂರು ಮುರಿದು ಮೊಸರಿನಲ್ಲದ್ದಿ ಮುಂದೆ ಹಿಡಿದ.

"ಹಂಗಾರ ರವಷ್ಟು ಉಣ್ಣು."

ಅವಳು ಅವನ ಮುಖವನ್ನು ನೋಡಿದಳು. ತಪ್ಪೋ ಒಪ್ಪೋ ಅವನ ಮುಖದಲ್ಲೂ ಬರೆದಿರಲಿಲ್ಲ. ತುತ್ತನ್ನು ಬಾಯಿಗಿಟ್ಟುಕೊಂಡಳು. ಹುಣ್ಣಿಮೆಯಾದ ಮೇಲೆ ಮೊದಲ ಸಲ ರೊಟ್ಟಿಗೆ ರುಚಿಯಿತ್ತು, ಹಸಿವೂ ಆಯಿತು.

ರಾಚಪ್ಪ ಎರಡನೆಯ ಚೂರು ಮುರಿಯುತ್ತಿದ್ದ.

"ತಡೀರಿ," ಅಂದಳು ಸಾವಿತ್ರೆವ್ವ. "ಇನ್ನೊಮ್ಮಿ ನೋಡತೇನಿ."