ಚಿಲಕ ಹಾಕದ ಪೂಜೆ

ಅಲಮೇಲಮ್ಮ ಚಾಮರಾಜಪೇಟೆಯ ತಮ್ಮ ಮನೆಯ ಮುಂದಿನ ಕೋಣೆಯನ್ನು ತೇಜಶ್ರೀಗೆ ಬಾಡಿಗೆಗೆ ಕೊಟ್ಟಿದ್ದೇ ಅವಳ ಕೊರಳಲ್ಲಿದ್ದ ಲಿಂಗ ನೋಡಿ. ‘ಈ ಕಾಲದಲ್ಲೂ ಲಿಂಗ ಕಟ್ಕೊಂಡಿದಾಳೆ, ಮಡಿ ಮೈಲಿಗೆ ಗೊತ್ತಿರೋ ಹುಡುಗಿ’ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ತೇಜಶ್ರೀಗೂ ಅದಕ್ಕಿಂತ ಅನುಕೂಲದ ಜಾಗ ಸಿಗುವಂತಿರಲಿಲ್ಲ. ಹಗಲು ತರಗುಪೇಟೆಯ ಬೇಳೆ ಮಂಡಿಯಲ್ಲಿ ಬಿಲ್ ಹಾಕುವ ಕೆಲಸ, ಸಂಜೆ ಕಾಲೇಜು. ಎರಡಕ್ಕೂ ನಡೆದೇ ಹೋಗಬಹುದಿತ್ತು. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು.

ತೊಡಕು ಶುರುವಾದದ್ದು ಅವಳು ಹೊಟ್ಟೆನೋವೆಂದು ಬಿಸಿನೀರು ಕೇಳಿದ ದಿನ. ಅಲಮೇಲಮ್ಮನಿಗೆ ಅರ್ಥವಾಯಿತು. ಅವರ ಮನೆಯಲ್ಲಿ ಮುಟ್ಟಾದವರು ಮೂರು ದಿನ ದೇವರ ಕಡೆ ತಲೆ ಹಾಕುವಂತಿಲ್ಲ.

‘ತಿಂಡಿ ಬಾಗಿಲ ಹತ್ರಾನೇ ತಂದಿಡ್ತೀನಿ. ಪೂಜೆ ಗೀಜೆ ಇಲ್ದೆ ಆರಾಮಾಗಿರು’ ಎಂದರು. ಕರುಣೆಯಿಂದಲೇ ಅಂದರು.

ತೇಜಶ್ರೀಯ ಮನೆಯ ಪದ್ಧತಿ ಬೇರೆ. ದೀಕ್ಷೆಯಾದ ಮೇಲೆ ಲಿಂಗಪೂಜೆಗೆ ರಜೆಯೆಂಬುದೇ ಇಲ್ಲ. ಹೆರಿಗೆಯಾಗಲಿ, ಸಾವಾಗಲಿ, ಮುಟ್ಟಾಗಲಿ ಅಡ್ಡಿಯಲ್ಲ. ಪೂಜೆಯಾಗದೆ ಬಾಯಿಗೆ ನೀರೂ ಬೀಳುವಂತಿಲ್ಲ. ಅವಳು ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಚಿಲಕ ಹಾಕಿ, ಊದುಬತ್ತಿ ಹಚ್ಚದೆ, ಪಂಚಾಕ್ಷರಿಯನ್ನು ತುಟಿಯೊಳಗೇ ಹೇಳಿ ಮುಗಿಸಿದಳು. ಪೂಜೆ ತಪ್ಪಲಿಲ್ಲ. ಆದರೂ ಏನೋ ತಪ್ಪಿದ ಹಾಗೆ ದಿನವಿಡೀ ಮಂಡಿಯಲ್ಲಿ ಬರೆದದ್ದನ್ನೇ ತಿದ್ದುತ್ತ ಕೂತಳು.

ಮರುದಿನ ಬೆಳಿಗ್ಗೆ ಅಲಮೇಲಮ್ಮ ಉಪ್ಪಿಟ್ಟಿನ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು ಅಲ್ಲೇ ನಿಂತರು.

‘ಬಿಸಿ ಇದ್ದಾಗ್ಲೇ ತಿಂದ್ಬಿಡೇ.’

ತೇಜಶ್ರೀ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ‘ಪೂಜೆ ಮಾಡ್ಕೊಂಡು ತಿಂತೀನಿ ಅಜ್ಜಿ’ ಎಂದಳು.

‘ಇವತ್ತಾ?’

‘ನಿನ್ನೆನೂ ಮಾಡ್ದೆ. ನಿಮ್ಗೆ ಹೇಳ್ಲಿಲ್ಲ.’

‘ಅಯ್ಯೋ ಪೆರುಮಾಳೇ! ಈ ಗೋಡೆ ಆಚೆ ಸಾಲಿಗ್ರಾಮ ಇದೆ ಕಣೇ. ನಮ್ಮತ್ತೆ ನನ್ನ ಕೈಗೆ ಕೊಟ್ಟು ಹೋಗಿದ್ದು. ಒಂದಿನಾನೂ ಮೈಲಿಗೆ ಸೋಕಿಸಿಲ್ಲ ನಾನು. ಲಿಂಗ ಕಟ್ಟಿದೀಯ ಅಂತ ಕೋಣೆ ಕೊಟ್ರೆ...’

‘ಕಟ್ಟಿರೋದಕ್ಕೇ ಬಿಡೋಕಾಗಲ್ಲ ಅಜ್ಜಿ. ಮೈಮೇಲೇ ಇದೆಯಲ್ಲ, ಮೂರು ದಿನ ಎಲ್ಲಿಗೆ ಕಳಿಸ್ಲಿ?’

‘ನಿಮ್ಮಮ್ಮನ ಮನೆಗೆ ಕಳ್ಸು! ಮಾತು ನೋಡು ಮಾತು.’ ಅಲಮೇಲಮ್ಮನ ದನಿ ಇಳಿಯಿತು. ‘ಇಲ್ಲಿರ್ಬೇಕು ಅಂದ್ರೆ ಆ ಮೂರು ದಿನ ಬಿಡು. ಇಲ್ಲಾಂದ್ರೆ ತಿಂಗಳ ಕೊನೆಗೆ ಬೇರೆ ಕಡೆ ನೋಡ್ಕೋ.’

ತಾನು ಮಾಡುತ್ತಿರುವುದು ಭಕ್ತಿಯೋ ಹಟವೋ ತೇಜಶ್ರೀಗೇ ಖಚಿತವಿರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಕೋಣೆಗಾಗಿ ಅಲೆಯುವುದು ಕಣ್ಣಮುಂದೆ ಬಂತು. ಆಗಲಿ ಅಜ್ಜಿ ಎಂದು ಒಪ್ಪಿ, ಮತ್ತೆ ಚಿಲಕ ಹಾಕಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ.

‘ತಿಂಗಳ ಕೊನೆಗೆ ಖಾಲಿ ಮಾಡ್ತೀನಿ ಅಜ್ಜಿ’ ಎಂದಳು. ಬಾಗಿಲು ತೆರೆದಿದ್ದ ಹಾಗೇ ಚಾಪೆಯ ಮೇಲೆ ಕೂತು, ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ವಿಭೂತಿ ಒಂದಷ್ಟು ಚಾಪೆಯ ಮೇಲೂ ಬಿತ್ತು.

ಪೂಜೆ ಮುಗಿಯುವ ಹೊತ್ತಿಗೆ ನಡುಮನೆಯಲ್ಲಿ ಏನೋ ಎಳೆಯುವ ಸದ್ದು. ಅಲಮೇಲಮ್ಮ ಸಾಲಿಗ್ರಾಮವನ್ನು ಆಗಲೇ ಅಡುಗೆಮನೆಗೆ ಒಯ್ದಿಟ್ಟು, ಮಡಿಸೀರೆಯ ಸೆರಗು ಬಿಗಿದು, ದೇವರ ಮರದ ಮಂಟಪವನ್ನು ಒಬ್ಬರೇ ಅತ್ತ ಎಳೆಯುತ್ತಿದ್ದರು. ಅದು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು.

‘ಕೈ ಹಾಕ್ಲಾ ಅಜ್ಜಿ?’

‘ಮುಟ್ಬೇಡ! ಅಲ್ಲೇ ನಿಂತ್ಕೋ.’

ಮತ್ತೊಮ್ಮೆ ಎಳೆದರು. ಬರಲಿಲ್ಲ.

‘ಎಲ್ಲಿ ತಗಲ್ತಿದೆ, ನೋಡಿ ಹೇಳು’ ಎಂದರು, ತಿರುಗದೆ.

‘ಬಲಗಡೆ ಕಾಲು. ಸ್ವಲ್ಪ ಹಿಂದಕ್ಕೆ ತಳ್ಳಿ... ಈಗ ಎಡಕ್ಕೆ.’

ಮಂಟಪ ಒಳಗೆ ಹೋಯಿತು. ಖಾಲಿ ಮಾಡುವ ಮಾತನ್ನು ಅಲಮೇಲಮ್ಮ ಹಿಂತೆಗೆದುಕೊಳ್ಳಲಿಲ್ಲ. ತೇಜಶ್ರೀ ಕೋಣೆಗೆ ಬಂದು, ಫೋನಿನಲ್ಲಿ ಗವಿಪುರಂ ಕಡೆಯ ಬಾಡಿಗೆ ಕೋಣೆಗಳನ್ನು ನೋಡತೊಡಗಿದಳು.